ಬಾಯಿಲ್ಲದ ಕ್ಯಾಸೆಟ್ಟು

ಧನಕವಡಿಯ ನಮ್ಮ ಮನೆಯಲ್ಲಿ ಎರಡು ಕೋಣೆ, ಒಂದು ಅಡಿಗೆಮನೆ, ಸೀರೆ ಒಣಹಾಕುವಷ್ಟೇ ಉದ್ದದ ಒಂದು ಗ್ಯಾಲರಿ. ಅದರಲ್ಲಿ ನಾವು ಐದು ಮಂದಿ ಇದ್ದೆವು: ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ನನಗಿಂತ ಏಳು ವರ್ಷ ದೊಡ್ಡವನಾದ ಅಣ್ಣ ಶ್ರೀಧರ, ಮತ್ತು ನಾನು. ಅಪ್ಪ ಧಾರವಾಡದ ಕಡೆಯಿಂದ ಬಂದು ಪುಣೆಯ ಒಂದು ಆಫೀಸಿನಲ್ಲಿ ಕಾರಕೂನನಾಗಿದ್ದ. ಹೊಸ್ತಿಲ ಆಚೆ ಮರಾಠಿ, ಈಚೆ ಕನ್ನಡ. ಚಪ್ಪಲಿಯ ಜೊತೆಗೆ ಮರಾಠಿಯನ್ನೂ ಬಾಗಿಲಲ್ಲೇ ಬಿಟ್ಟು ಬರಬೇಕೆಂದು ಅಜ್ಜಿ ನಮಗೆ ಬುದ್ಧಿ ಹೇಳುತ್ತಿದ್ದಳು. ತಾನು ಮಾತ್ರ ಒಳಗೆ ಕೂತು ಪಲ್ಯಕ್ಕೆ ಭಾಜಿ ಎಂದೂ ಚಪಾತಿಗೆ ಪೋಳಿ ಎಂದೂ ಅನ್ನುತ್ತಿದ್ದಳು. ಅಡಿಗೆಮನೆಯ ಗೋಡೆಯಲ್ಲಿ ದೇವರ ಗೂಡು. ಅದರ ಕೆಳಗಿನ ಕಪಾಟಿನಲ್ಲಿ ಅವ್ವನ ಹಾಡಿನ ವಹಿ ಇರುತ್ತಿತ್ತು, ಕುಂಕುಮದ ಡಬ್ಬಿಯ ಪಕ್ಕದಲ್ಲಿ.

ಅವ್ವ ದೊಡ್ಡ ಹಾಡುಗಾರ್ತಿ ಏನಲ್ಲ. ಹಬ್ಬ ಬಂದರೆ ಹಾಡುವವಳು, ಅಷ್ಟೇ. ಇನ್ನೂರು ಪುಟದ ಆ ವಹಿಯಲ್ಲಿ ದುಂಡನೆಯ ಅಕ್ಷರದಲ್ಲಿ ಹಾಡುಗಳನ್ನು ಬರೆದಿಟ್ಟಿದ್ದಳು. ನಮ್ಮ ಕಡೆಯ ಹೆಂಗಸರ ವಹಿಗಳಲ್ಲಿ ರಾಗ ತಾಳ ಬರೆಯುವ ರೂಢಿ ಇಲ್ಲ. ಹಾಡಿನ ಮೇಲೆ ‘ಧಾಟಿ’ ಎಂದು ಬರೆದು, ಅದರ ಮುಂದೆ ಎಲ್ಲರಿಗೂ ಗೊತ್ತಿರುವ ಇನ್ನೊಂದು ಹಾಡಿನ ಹೆಸರು ಹಾಕುತ್ತಾರೆ. ಆ ಹಾಡು ಬಂದರೆ ಇದನ್ನೂ ಹಾಡಬಹುದು. ಬಾರದಿದ್ದರೆ ವಹಿ ಕೈಯಲ್ಲಿದ್ದೂ ಉಪಯೋಗವಿಲ್ಲ. ಅವ್ವನ ವಹಿಯಲ್ಲೂ ಎಲ್ಲ ಹಾಡುಗಳಿಗೆ ಹೀಗೇ ಇತ್ತು, ಒಂದನ್ನು ಬಿಟ್ಟು. ಗೌರಿ ಆರತಿಯ ಹಾಡಿನ ಮೇಲೆ ‘ಧಾಟಿ: ಅವ್ವನದು’ ಎಂದಿತ್ತು. ಅವಳ ಅವ್ವ, ಅಂದರೆ ನನ್ನ ಬೆಳಗಾವಿಯ ಅಜ್ಜಿ, ನಾನು ಹುಟ್ಟುವ ಮೊದಲೇ ಹೋಗಿಬಿಟ್ಟಿದ್ದಳು. ಅವ್ವ ಆಕೆಗೆ ಒಬ್ಬಳೇ ಮಗಳು. ಹೀಗಾಗಿ ಆ ಧಾಟಿ ಗೊತ್ತಿದ್ದದ್ದು ಲೋಕದಲ್ಲಿ ಅವ್ವನೊಬ್ಬಳಿಗೇ.

ಗೌರಿ ತವರಿಗೆ ಬರುತ್ತಾಳೆ, ತಾಯಿ ಅವಳನ್ನು ಕೂಡ್ರಿಸಿಕೊಂಡು ಐದು ಪ್ರಶ್ನೆ ಕೇಳುತ್ತಾಳೆ: ಏನು ಉಂಡೆ, ಏನು ಉಟ್ಟೆ, ಯಾರು ಕರೆತಂದರು, ದಾರಿಯಲ್ಲಿ ಏನು ಕಂಡೆ, ಎಷ್ಟು ದಿನ ಇರುತ್ತೀ. ಐದು ನುಡಿಯ ಹಾಡು ಅದು. ಭಾದ್ರಪದದಲ್ಲಿ ಗೌರಿಯ ಎರಡನೆಯ ದಿನ, ಊಟಕ್ಕೆ ಮೊದಲು ಅವ್ವ ಅದನ್ನು ಹಾಡುತ್ತಿದ್ದಳು. ನಾನು ಅವಳ ಸೆರಗಿನ ಪಕ್ಕದಲ್ಲಿ ನಿಂತು ಅರ್ಧ ಹೆಜ್ಜೆ ಹಿಂದಿನಿಂದ ಹಾಡುತ್ತಿದ್ದೆ. ಅವಳ ಬಾಯಿಂದ ಬಂದದ್ದನ್ನು ಆಗಿಂದಾಗಲೇ ಎತ್ತಿಕೊಂಡು ಹಾಡುವುದು ಬಲು ಸುಲಭ. ಹಾಡು ನನಗೆ ಬರುತ್ತದೆ ಎಂದೇ ತಿಳಿದಿದ್ದೆ. ನನಗೆ ಹನ್ನೊಂದಾಗಿದ್ದಾಗ, ಆರತಿ ಮುಗಿದ ಮೇಲೆ ಅವ್ವ ಒಂದು ಮಾತು ಹೇಳಿದಳು.

“ಮುಂದಿನ ವರ್ಷ ನೀ ಮುಂದ ಹಾಡು ವನೂ. ನಾ ನಿನ್ನ ಹಿಂದ ಹಾಡ್ತೀನಿ.”

ಮುಂದಿನ ಆಷಾಢದಲ್ಲಿ ಅವ್ವ ತೀರಿಕೊಂಡಳು. ಜ್ವರ ಬಂತು, ಕಣ್ಣು ಹಳದಿಯಾಯಿತು, ಆಸ್ಪತ್ರೆಗೆ ಸೇರಿಸಿದರು, ಎಂಟನೆಯ ದಿನ ಮಧ್ಯಾಹ್ನ ಅಣ್ಣ ಒಬ್ಬನೇ ಮನೆಗೆ ಬಂದ. ನಾನು ಕುಕ್ಕರಿನ ಸೀಟಿ ಎಣಿಸುತ್ತ ಕೂತಿದ್ದೆ, ಅಜ್ಜಿ ಮೂರಕ್ಕೆ ಆರಿಸು ಎಂದಿದ್ದಳು. ಅಣ್ಣ ಹೇಳಿದ್ದು ಕೇಳಿಸಿತು. ಮೂರನೆಯ ಸೀಟಿ ಆಗುವವರೆಗೆ ಕಾದು, ಗ್ಯಾಸ್ ಆರಿಸಿ, ಆಮೇಲೆ ಎದ್ದೆ. ಇದನ್ನು ಶೌರ್ಯ ಎಂದು ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ಆಗಿದ್ದು ಹಾಗೆ. ಬಂದ ಹೆಂಗಸರೆಲ್ಲ ನನ್ನ ತಲೆ ಸವರಿ, ಅತ್ತುಬಿಡವಾ, ಹಗುರ ಆಗ್ತದ ಎಂದರು. ಎದುರು ಮನೆಯ ಜೋಶಿ ಕಾಕು ಅದನ್ನೇ ಮರಾಠಿಯಲ್ಲಿ ಹೇಳಿದರು. ನಾನು ತಲೆ ಆಡಿಸಿದೆ. ಒಳಗೆ ಏನೂ ಇರಲಿಲ್ಲ. ದವಡೆಗೆ ಸೂಜಿ ಚುಚ್ಚಿಸಿಕೊಂಡು ಬಂದಾಗ ತುಟಿ ಮುಟ್ಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ.

ಹದಿಮೂರು ದಿನ ಕಳೆದ ಮೇಲೆ ಅಜ್ಜಿ ಮನೆಯ ಕಾನೂನು ಹೇಳಿದಳು. ವರ್ಷಾಬ್ದಿಕ ಆಗುವವರೆಗೆ ಹಬ್ಬ ಇಲ್ಲ, ಹೋಳಿಗೆ ಇಲ್ಲ, ಮನೆಯಲ್ಲಿ ಹಾಡು ಇಲ್ಲ. ರೇಡಿಯೊ ಬಟ್ಟೆಯ ಗಂಟಿನೊಳಗೆ ಸೇರಿ ಕಪಾಟಿನ ಮೇಲೆ ಹೋಯಿತು. ಟಿ.ವಿ.ಯಲ್ಲಿ ಅಪ್ಪ ವಾರ್ತೆ ಮಾತ್ರ ನೋಡುತ್ತಿದ್ದ, ಅದೂ ಶುರುವಿನ ಸಂಗೀತ ಮುಗಿಯುವವರೆಗೆ ದನಿಯ ಗುಂಡಿ ಪೂರ್ತಿ ಕೆಳಗೆ ತಿರುಗಿಸಿ ಹಿಡಿದುಕೊಂಡು. ಯಾರೂ ಎದುರು ಮಾತಾಡಲಿಲ್ಲ. ಎದುರು ಮಾತಾಡುವ ತ್ರಾಣ ಯಾರಿಗೂ ಇರಲಿಲ್ಲ ಎನ್ನುವುದೇ ಸರಿ. ಮನೆಯಲ್ಲಿ ಉಳಿದದ್ದು ಲಟ್ಟಣಿಗೆಯ ಸಪ್ಪಳ, ನಲ್ಲಿಯ ಸಪ್ಪಳ, ಅಜ್ಜಿಯ ಕೆಮ್ಮು.

ಒಂದು ದಿನ ಅಡಿಗೆಮನೆಯಲ್ಲಿ ಗೋವಾರಿಕಾಯಿಯ ನಾರು ತೆಗೆಯುತ್ತ ಕೂತಿದ್ದೆ. ಬಾಯಿ ತಾನೇ ಗುನುಗತೊಡಗಿತು. ಗೌರಿಯ ಹಾಡು. ಮೊದಲ ಸಾಲು ಮುಗಿದು ಎರಡನೆಯದಕ್ಕೆ ತಿರುಗುವ ಹೊತ್ತಿಗೆ ಅಜ್ಜಿ ಬಾಗಿಲಿಗೆ ಬಂದಳು.

“ಬ್ಯಾಡ ವನೂ. ವರ್ಷ ಆಗಲಿ.”

“ಬಾಯಾಗ ಅಂದೆ ಅಜ್ಜಿ. ಜೋರಾಗಿ ಅಂದಿಲ್ಲ.”

“ಬಾಯಾಗೂ ಬ್ಯಾಡ. ನಿಮ್ಮವ್ವಗ ಶಾಂತಿ ಸಿಗಂಗಿಲ್ಲ.”

ಅವಳು ಬೈಯಲಿಲ್ಲ. ಬೈದಿದ್ದರೆ ಹಟಕ್ಕಾದರೂ ಗ್ಯಾಲರಿಗೆ ಹೋಗಿ ಹಾಡಿಕೊಳ್ಳುತ್ತಿದ್ದೆನೋ ಏನೋ. ಅವ್ವನಿಗೆ ಶಾಂತಿ ಸಿಗುವುದಿಲ್ಲ ಎಂದ ಮೇಲೆ ಮಾತೇ ಮುಗಿಯಿತು. ನಾನು ಕಾಯಿಯ ನಾರು ತೆಗೆದೆ. ಆ ವರ್ಷ ಮತ್ತೆ ಆ ಹಾಡನ್ನು ಬಾಯಿಗೆ ತಂದುಕೊಳ್ಳಲಿಲ್ಲ, ಮನಸ್ಸಿಗೂ ತಂದುಕೊಳ್ಳಲಿಲ್ಲ.

ಆ ಕ್ಯಾಸೆಟ್ಟನ್ನು ಮನೆಗೆ ತಂದವನು ಅಣ್ಣ. ಅವನಾಗ ಡಿಪ್ಲೊಮಾ ಓದುತ್ತಿದ್ದ. ದೇಹೂ ರೋಡಿನಲ್ಲಿ ಅವನ ಗೆಳೆಯನೊಬ್ಬನಿದ್ದ, ಅವನ ತಂದೆ ಮಿಲಿಟರಿಯವರು. ಆ ಗೆಳೆಯ ಕೊಟ್ಟದ್ದು. ಯಾರೋ ಪರದೇಶದವನು ಎಲೆಕ್ಟ್ರಿಕ್ ಗಿಟಾರ್ ನುಡಿಸಿದ್ದ. ಹಿಂದೆ ಡ್ರಮ್ಮು, ಇನ್ನೂ ಏನೇನೋ ವಾದ್ಯ. ಶುರುವಿನಿಂದ ಕೊನೆಯವರೆಗೆ ಒಂದು ಮಾತೂ ಇಲ್ಲ. ಪುಣೆಯಲ್ಲಿ ಆಗ ಗಿಟಾರ್ ಹಿಡಿದ ಹುಡುಗರಿಗೆಲ್ಲ ಅದು ಪಠ್ಯಪುಸ್ತಕದ ಹಾಗೆ. ಕಾಲೇಜಿನ ಕಟ್ಟೆಯ ಮೇಲೆ ಕೂತವರು ಬಾಯಲ್ಲೇ ಅದನ್ನು ನುಡಿಸುತ್ತಿದ್ದರಂತೆ. ಒಂದು ಸಂಜೆ ಅಣ್ಣ ಒಳಕೋಣೆಯ ಬಾಗಿಲು ಎಳೆದುಕೊಂಡು ಟೇಪ್ ರೆಕಾರ್ಡರಿಗೆ ಅದನ್ನು ಹಾಕಿದ. ಎರಡು ನಿಮಿಷಕ್ಕೆ ಅಜ್ಜಿ ಬಂದು ಬಾಗಿಲು ನೂಕಿದಳು.

“ಏನೋ ಶ್ರೀಧ್ಯಾ ಇದು?”

“ಹಾಡಲ್ಲ ಅಜ್ಜಿ. ಬರೇ ಗಿಟಾರು.”

“ಯಾರೂ ಹಾಡಂಗಿಲ್ಲೇನು ಇದರಾಗ?”

“ಯಾರೂ ಇಲ್ಲ. ಬೇಕಾದರ ಕೇಳು.”

ಅಜ್ಜಿ ಮಂಚದ ಮೇಲೆ ಕೂತಳು. ಕೈಯಲ್ಲಿ ಹತ್ತಿ ಇತ್ತು, ಬತ್ತಿ ಹೊಸೆಯುವುದನ್ನೂ ನಿಲ್ಲಿಸಿ ಟೇಪಿನ ಕಡೆ ಕಿವಿ ಕೊಟ್ಟಳು. ಯಾವ ಗಳಿಗೆಯಲ್ಲಾದರೂ ಒಬ್ಬ ಬಾಯಿ ತೆಗೆದಾನು, ಹಿಡಿದೇ ಬಿಡುತ್ತೇನೆ ಎಂಬಂತೆ ಕೂತಿದ್ದಳು. ಒಂದು ಬಾಜು ಮುಗಿದು ಗುಂಡಿ ಟಕ್ಕೆಂದು ಮೇಲೆ ಬಂತು. ಇನ್ನೊಂದು ಬಾಜೂ ಹಚ್ಚು ಎಂದಳು. ಅದನ್ನೂ ಪೂರ್ತಿ ಕೇಳಿದಳು. ಅಣ್ಣನಿಗೆ ಬೆವರು ಬಂದಿತ್ತು. ಕೊನೆಗೆ ಅಜ್ಜಿ ಎದ್ದು, ಮಂಡಿ ನೀವಿಕೊಂಡು ತೀರ್ಪು ಕೊಟ್ಟಳು.

“ಬಾಯಿಲ್ಲ ಇದಕ್ಕ. ಇರಲಿ.”

ಹೀಗೆ ಆ ವರ್ಷವಿಡೀ ನಮ್ಮ ಮನೆಯಲ್ಲಿ ಕೇಳಿದ ಸಂಗೀತ ಅದೊಂದೇ. ದಿನಕ್ಕೆ ಎರಡು ಸಲ, ಕೆಲವು ದಿನ ಮೂರು ಸಲ. ಮೊದಲ ಬಾಜುವಿನ ಮೊದಲನೆಯದು ಹೊಲಿಗೆ ಮಿಷನ್ನಿನಂತೆ ಓಡುವಂಥದು, ಅದಕ್ಕೆ ನಾನು ಜಡೆ ಹಾಕಿಕೊಳ್ಳುತ್ತಿದ್ದೆ. ಮೂರನೆಯದು ಮುಗಿಯುವುದರೊಳಗೆ ಅಪ್ಪನ ಗಡ್ಡ ಹೆರೆಯುವ ಕೆಲಸ ಆಗುತ್ತಿತ್ತು. ಸಂಜೆ ಅಪ್ಪ ಆಫೀಸಿನಿಂದ ಬಂದು, ಬೂಟು ಬಿಚ್ಚಿ, ಕಾಲುಚೀಲ ಕೈಯಲ್ಲೇ ಹಿಡಿದು ಬಹಳ ಹೊತ್ತು ಕೂತಿರುತ್ತಿದ್ದ. ಮೊದಮೊದಲು ಆ ಗಲಾಟೆಗೆ ಮುಖ ಹಿಂಡುತ್ತಿದ್ದವನು, ದೀಪಾವಳಿ ಇಲ್ಲದ ದೀಪಾವಳಿಯ ಹೊತ್ತಿಗೆ ತಾನೇ ಕೇಳತೊಡಗಿದ: ಶ್ರೀಧರಾ, ಆ ಟೇಪ್ ಹಚ್ಚಪಾ. ಎರಡನೆಯ ಬಾಜುವಿನ ಎರಡನೆಯದು ನಿಧಾನದ್ದು. ಗಿಟಾರು ನಾಲ್ಕು ಸ್ವರ ಮೇಲೆ ಹತ್ತಿ, ಅಲ್ಲಿ ತುಸು ಅನುಮಾನಿಸಿ, ಬಂದ ದಾರಿಯಲ್ಲೇ ಇಳಿದುಬರುತ್ತಿತ್ತು. ಅದಕ್ಕೆ ನಾವು ಊಟ ಮಾಡುತ್ತಿದ್ದೆವು. ನಾಲ್ಕು ತಟ್ಟೆ, ಅನ್ನ, ಸಾರು, ಒಬ್ಬರ ಮುಖ ಒಬ್ಬರು ನೋಡದೆ. ಅದು ಇಷ್ಟವಾಗಿತ್ತೇ ಎಂದು ಕೇಳಿದರೆ ಏನು ಹೇಳಲಿ? ಗೋಡೆ ಇಷ್ಟವೇ ಎಂದು ಯಾರಾದರೂ ಕೇಳುತ್ತಾರೆಯೇ.

ಜೋಶಿ ಕಾಕುಗೆ ಇದು ಸರಿ ಕಾಣಲಿಲ್ಲ. ಒಂದು ದಿನ ಬಾಗಿಲಲ್ಲಿ ನಿಂತು, ಅಹೋ ಆಜೀ, ಮನೆಯಲ್ಲಿ ಇಂಥದ್ದಾಗಿದೆ, ಇದೇನು ಹಚ್ಚಿದ್ದೀರಿ ಎಂದು ಮರಾಠಿಯಲ್ಲಿ ಕೇಳಿದರು. ಅಜ್ಜಿ ತನ್ನ ಧಾರವಾಡದ ಮರಾಠಿಯಲ್ಲಿ ಉತ್ತರ ಕೊಟ್ಟಳು.

“ತ್ಯಾಲಾ ತೋಂಡ್ ನಾಹೀ.”

ಅದಕ್ಕೆ ಬಾಯಿಲ್ಲ.

ವರ್ಷಾಬ್ದಿಕ ಆಯಿತು. ರೇಡಿಯೊ ಗಂಟಿನಿಂದ ಹೊರಗೆ ಬಂತು. ಭಾದ್ರಪದಕ್ಕೆ ಗೌರಿ ಕೂಡ್ರಿಸುವುದೆಂದು ಅಜ್ಜಿಯೇ ತೀರ್ಮಾನ ಮಾಡಿದಳು. ಮನೆಯಲ್ಲಿ ಮುತ್ತೈದೆ ಇಲ್ಲವಲ್ಲ, ಪೂಜೆಗೆ ಅಪ್ಪನ ತಂಗಿ ತಳೇಗಾಂವದ ಅತ್ತಿ ಬಂದಳು. ಅವಳ ಗಂಡನಿಗೆ ಆ ವರ್ಷವೇ ಅಲ್ಲಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಅದಕ್ಕೆ ಮೊದಲು ಗದಗಿನಲ್ಲಿದ್ದವಳು, ಗೌರಿಗೆಂದು ನಮ್ಮ ಮನೆಗೆ ಬಂದವಳೇ ಅಲ್ಲ. ಹೋಳಿಗೆಯ ಹೂರಣ ರುಬ್ಬುವ ಕೆಲಸ ನನಗೆ ಬಿತ್ತು. ಹೂರಣ ನುಣ್ಣಗಾಗುತ್ತ ಬಂದಾಗ ಅತ್ತಿ ಕೇಳಿದಳು.

“ಆರತಿ ಹಾಡು ನಿನಗ ಬರ್ತದಲ್ಲ ವನೂ?”

“ಬರ್ತದ.”

ಸುಳ್ಳು ಹೇಳಿದ್ದಲ್ಲ. ಬರುತ್ತದೆ ಎಂದೇ ನಂಬಿದ್ದೆ.

ಗೌರಿಯ ಮುಂದೆ ಅತ್ತಿ, ಜೋಶಿ ಕಾಕು, ಕೆಳಗಿನ ಮನೆಯ ಇಬ್ಬರು ಹೆಂಗಸರು. ಅಪ್ಪ ಗೋಡೆಗೆ ಒರಗಿ ಕೂತಿದ್ದ. ಅಣ್ಣ ಬಾಗಿಲಲ್ಲಿ. ಅಜ್ಜಿ ವಹಿಯನ್ನು ತಂದು ನನ್ನ ಕೈಗಿಟ್ಟು, ಹಿಂದೆ ಹೋಗಿ ಕೂತಳು. ನಾನು ಪುಟ ತೆಗೆದೆ. ‘ಧಾಟಿ: ಅವ್ವನದು’ ಎಂದು ಓದಿದೆ. ಮೊದಲ ಶಬ್ದ ಬಾಯಿಗೆ ಬಂತು. ಎರಡನೆಯ ಸಾಲಿಗೆ ಹೋಗುವಾಗ ತಿಳಿಯಿತು, ನಾನು ಹಾಡುತ್ತಿರುವುದು ಅವ್ವನ ಧಾಟಿಯಲ್ಲ. ನಾಲ್ಕು ಸ್ವರ ಮೇಲೆ, ಒಂದು ಅನುಮಾನ, ಮತ್ತೆ ಕೆಳಗೆ. ಎರಡನೆಯ ಬಾಜುವಿನ ಎರಡನೆಯದು. ತಾಯಿ ಏನು ಉಂಡೆ ಎಂದು ಕೇಳುವುದು ಅದಕ್ಕೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ನಿಲ್ಲಿಸಿ ಅವ್ವನದನ್ನು ಹುಡುಕಿದೆ. ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಹುಡುಕಿದೆ. ಅದು ಇದ್ದ ಜಾಗದಲ್ಲಿ ಇರಲಿಲ್ಲ. ಹೆಂಗಸರು ಕಾಯುತ್ತಿದ್ದರು, ಆರತಿಯ ತಟ್ಟೆ ಅತ್ತಿಯ ಕೈಯಲ್ಲಿತ್ತು. ನಾನು ಐದೂ ನುಡಿಗಳನ್ನು ಆ ಪರದೇಶದವನ ಧಾಟಿಯಲ್ಲಿ ಹಾಡಿ ಮುಗಿಸಿದೆ.

“ವೈನಿ ಹಾಡಿಧಂಗ ಆತು ನೋಡ,” ಎಂದಳು ಅತ್ತಿ. ಅವಳು ತನ್ನ ವೈನಿ, ನನ್ನ ಅವ್ವ, ಹಾಡಿದ್ದನ್ನು ಕೇಳಿರಲೇ ಇಲ್ಲ. ಜೋಶಿ ಕಾಕು ಕಣ್ಣೊರೆಸಿಕೊಂಡರು. ಅವರು ಕೇಳಿದ್ದರು, ಆದರೆ ವರ್ಷಕ್ಕೊಮ್ಮೆ ಕೇಳಿದ ಕನ್ನಡದ ಹಾಡು ಅವರಿಗೆ ಎಷ್ಟು ನೆನಪಿದ್ದೀತು. ಅಣ್ಣ ನನ್ನನ್ನೇ ನೋಡುತ್ತಿದ್ದ. ಅವನಿಗೆ ಗೊತ್ತಾಗಿತ್ತು. ತಿರುಗಿ ಗ್ಯಾಲರಿಗೆ ಹೋದ. ಅಪ್ಪ ಕಣ್ಣು ಮುಚ್ಚಿ ಕೂತಿದ್ದ, ಕಣ್ಣಿಂದ ನೀರು ಸುರಿಯುತ್ತಿತ್ತು. ಅವ್ವ ಹೋದ ಮೇಲೆ ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವ್ವನ ಹಾಡೆಂದು ಅತ್ತನೋ, ನಮ್ಮ ನಾಲ್ವರ ಊಟದ ಧಾಟಿಯೆಂದು ಅತ್ತನೋ, ಕೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ. ಅಜ್ಜಿ ಮಾತ್ರ ದೀಪವನ್ನು ನೋಡುತ್ತ ಕೂತಿದ್ದಳು. ಆಮೇಲೆ, ಎಲಿ ಹಾಕ್ರಿ, ಹೊತ್ತಾತು ಎಂದಳು.

ಹೋಳಿಗೆ ಉಂಡೆವು. ತುಪ್ಪ ಬಡಿಸಿದ್ದೂ ನೆನಪಿದೆ. ಮಧ್ಯಾಹ್ನ ಗ್ಯಾಲರಿಯಲ್ಲಿ ಅಣ್ಣನನ್ನು ಕೇಳಿದೆ.

“ಅಣ್ಣಾ, ಅವ್ವಂದು ಹೆಂಗಿತ್ತು?”

ಅವನು ಮೊದಲ ಸಾಲು ಗುನುಗಿ ನಿಲ್ಲಿಸಿದ.

“ಸುರು ಮಾಡಿದರ ಅದ ಬರ್ತದ. ಗಿಟಾರಿಂದು.”

“ನನಗೂ.”

“ಅಪ್ಪನ್ನ ಕೇಳಿ ನೋಡು.”

ಅಪ್ಪನನ್ನು ಕೇಳಲಿಲ್ಲ. ಅತ್ತ ಕಣ್ಣು ಇನ್ನೂ ಕೆಂಪಗಿತ್ತು. ಅಜ್ಜಿಯನ್ನೂ ಕೇಳಲಿಲ್ಲ, ಅಜ್ಜಿಗೆ ಹಾಡು ಬರುತ್ತಿರಲಿಲ್ಲ. ಅವಳು ದೇವರ ನಾಮವನ್ನೂ ಪಾಠ ಒಪ್ಪಿಸಿದಂತೆ ಹೇಳುತ್ತಿದ್ದಳು. ಕೆಲವು ದಿನ ನಾನು ಗೋವಾರಿಕಾಯಿ ಮುಂದಿಟ್ಟುಕೊಂಡು ಅಡಿಗೆಮನೆಯಲ್ಲಿ ಅದೇ ಜಾಗದಲ್ಲಿ ಕೂತು ನೋಡಿದೆ. ಗುನುಗಿದರೆ ಮೊದಲ ಸ್ವರದಿಂದಲೇ ಗಿಟಾರು ಬಂದು ಕೈ ಹಿಡಿಯುತ್ತಿತ್ತು. ಅವ್ವನ ಒಂದು ಸೀರೆ ಇತ್ತು, ಫೋಟೊ ಇತ್ತು, ವಹಿಯಲ್ಲಿ ಅಕ್ಷರ ಇತ್ತು. ಅವಳು ನನಗೆಂದು ಇಟ್ಟಿದ್ದು, ಮುಂದೆ ಹಾಡು ಎಂದು ಕೊಟ್ಟಿದ್ದು ಇದೊಂದೇ. ಅದನ್ನು ನಾನು ಕಳೆದಿದ್ದೆ. ಆಗಲೂ ಅಳು ಬರಲಿಲ್ಲ. ಆದರೆ ಅಂದಿನಿಂದ ನನಗೊಂದು ಸ್ವಭಾವ ಅಂಟಿತು: ಯಾರಾದರೂ ನನಗೆ ಎಲ್ಲಾ ಚೆನ್ನಾಗಿ ನೆನಪಿದೆ ಎಂದರೆ ನಾನು ನಂಬುವುದಿಲ್ಲ, ನನ್ನನ್ನಂತೂ ಮೊದಲೇ ನಂಬುವುದಿಲ್ಲ. ಇದನ್ನು ಓದುವವರೂ ಅದನ್ನು ಗಮನದಲ್ಲಿಟ್ಟುಕೊಂಡರೆ ಒಳ್ಳೆಯದು.

ವರ್ಷ ವರ್ಷ ಗೌರಿ ಬಂದಳು, ನಾನು ಹಾಡಿದೆ. ಎರಡನೆಯ ಸಲಕ್ಕೆ ಧೈರ್ಯ ಬಂದಿತ್ತು, ನಾಲ್ಕನೆಯ ಸಲಕ್ಕೆ ತಪ್ಪು ಹಾಡುತ್ತಿದ್ದೇನೆ ಎನ್ನುವುದೂ ಮರೆತಿತ್ತು. ಟೇಪು ಒಂದು ದಿನ ಸುರುಳಿ ಸಿಕ್ಕಿಕೊಂಡು ಹರಿಯಿತು. ಅಣ್ಣ ಪೆನ್ಸಿಲ್ ಹಾಕಿ ಸುತ್ತಿ ನೋಡಿ, ಕೈಬಿಟ್ಟ. ಅವನಿಗೆ ನೌಕರಿ ಸಿಕ್ಕಿತು, ಅವನ ಹೆಂಡತಿಯಾಗಿ ಸುಮಾ ವೈನಿ ಮನೆಗೆ ಬಂದಳು. ನಾನು ಮದುವೆಯಾಗಿ ಚಿಂಚವಡಕ್ಕೆ ಹೋಗುವ ಮುಂಚೆ ಅವಳು ನನ್ನಿಂದ ಹಾಡು ಕಲಿತಳು. ನಮ್ಮ ಅತ್ತಿಯವರ ಧಾಟಿ ಇದು, ಭಾಳ ಹಳೇದು ಎಂದು ಬಂದವರಿಗೆ ಹೇಳುತ್ತಿದ್ದಳು. ಅವಳು ನೋಡೇ ಇರದ ಅತ್ತೆ. ಅಣ್ಣ ಆಗೆಲ್ಲ ಎದ್ದು ನೀರು ಕುಡಿಯಲು ಹೋಗುತ್ತಿದ್ದ. ನಾವಿಬ್ಬರೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಅಜ್ಜಿ ಪ್ರತಿ ವರ್ಷ ಹಿಂದೆ ಕೂತು ಕೇಳುತ್ತಿದ್ದಳು, ಮುಗಿದ ಮೇಲೆ ಎಲಿ ಹಾಕ್ರಿ ಎನ್ನುತ್ತಿದ್ದಳು. ಕಿವಿ ಮಂದವಾಗಿದೆ ಪಾಪ ಎಂದುಕೊಳ್ಳುತ್ತಿದ್ದೆ.

ಅಜ್ಜಿ ತೀರಿಕೊಂಡದ್ದು ಅವ್ವ ಹೋಗಿ ಹತ್ತು ಹನ್ನೆರಡು ವರ್ಷ ಕಳೆದ ಮೇಲೆ, ತುಂಬು ವಯಸ್ಸಿಗೆ, ಎರಡು ದಿನದ ಕೆಮ್ಮಿನಲ್ಲಿ. ಹದಿಮೂರು ದಿನ ನಾನು ಧನಕವಡಿಯಲ್ಲೇ ಇದ್ದೆ. ಹದಿನಾಲ್ಕನೆಯ ದಿನ ಬೆಳಿಗ್ಗೆ ಸುಮಾ ವೈನಿ ದೇವರ ಗೂಡಿನ ಕೆಳಗಿನ ಕಪಾಟು ಒರೆಸುತ್ತ, ಸಾಮಾನನ್ನೆಲ್ಲ ನನ್ನ ಕೈಗೆ ಕೊಡುತ್ತಿದ್ದಳು. ವಹಿ ಬಂತು. ಖಾಕಿ ಹೊದಿಕೆ ಹರಿದು, ಬೆನ್ನಿಗೆ ಅಜ್ಜಿ ದಪ್ಪ ದಾರದ ಹೊಲಿಗೆ ಹಾಕಿದ್ದಳು. ಹಾಡು ಬಾಯಿಗೆ ಬಂದ ಮೇಲೆ ನಾನು ಅದನ್ನು ತೆರೆಯುವುದನ್ನೇ ಬಿಟ್ಟಿದ್ದೆ. ಗೌರಿಯ ಪುಟ ತೆಗೆದೆ. ‘ಧಾಟಿ: ಅವ್ವನದು’. ಅದರ ಕೆಳಗೆ, ಪೆನ್ಸಿಲ್ಲಿನಲ್ಲಿ, ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ಅಜ್ಜಿಯ ಕೈಯ ಎರಡು ಸೊಟ್ಟ ಸಾಲು ಇದ್ದವು. ಎಂದು ಬರೆದಳೋ ಗೊತ್ತಿಲ್ಲ. ಪೆನ್ಸಿಲ್ಲು ಮಾಸಿ ಹೊಳಪು ಬಂದಿತ್ತು.

‘ಈಗ ಹಾಡೂದು ಶ್ರೀಧರನ ಟೇಪಿಂದು. ಮೊದಲಿಂದು ನಾ ಹಾಡಗೊಡಲಿಲ್ಲ.’

ಅವಳಿಗೆ ಗೊತ್ತಿತ್ತು. ಎರಡು ಬಾಜೂ ಕಿವಿಗೊಟ್ಟು ಕೇಳಿದವಳಿಗೆ ಗೊತ್ತಾಗದೆ ಇದ್ದೀತೇ. ಪ್ರತಿ ವರ್ಷ ಹಿಂದೆ ಕೂತು, ಆ ಧಾಟಿಯನ್ನು ಕೇಳಿ, ಎಲೆ ಹಾಕಿಸಿ, ನನ್ನ ಎಲೆಗೆ ತುಪ್ಪ ಬಡಿಸಿದ್ದಳು. ಬಾಯಿಂದ ಒಂದು ಮಾತು ಆಡಿರಲಿಲ್ಲ. ನಾನು ವಹಿ ಹಿಡಿದು ಅಲ್ಲೇ ಅಡಿಗೆಮನೆಯ ನೆಲದ ಮೇಲೆ ಕೂತೆ. ಅಳು ಬಂತು. ಅಜ್ಜಿಗೆಂದು ಬಂತೋ, ಅವ್ವನಿಗೆಂದು ಅಷ್ಟು ವರ್ಷ ತಡವಾಗಿ ಬಂತೋ, ವಿಂಗಡಿಸಲು ಆಗಲಿಲ್ಲ. ಸುಮಾ ವೈನಿ ಗಾಬರಿಯಾಗಿ ನೀರು ತಂದಳು.

ಅಷ್ಟರಲ್ಲಿ ಹೊರಕೋಣೆಯಿಂದ ಹಾಡು ಕೇಳಿಸಿತು. ಅಣ್ಣನ ಮಗಳು, ನಾಲ್ಕು ವರ್ಷದ್ದು, ಗೊಂಬೆಯನ್ನು ಮುಂದೆ ಕೂಡ್ರಿಸಿಕೊಂಡು ಏನು ಉಂಡೆ ಎಂದು ಕೇಳುತ್ತಿತ್ತು. ನಾಲ್ಕು ಸ್ವರ ಮೇಲೆ, ಒಂದು ಅನುಮಾನ, ಮತ್ತೆ ಕೆಳಗೆ. ಸುಮಾ ವೈನಿ ಲೋಟ ಕೆಳಗಿಟ್ಟು ಅವಸರದಿಂದ ಎದ್ದಳು.

“ಏ ಕೂಸ, ಬ್ಯಾಡ. ವರ್ಷ ಆಗೂತನಾ ಮನ್ಯಾಗ ಹಾಡಬಾರದು.”

ನಾನು ಅವಳ ಸೆರಗು ಹಿಡಿದು ನಿಲ್ಲಿಸಿದೆ.

“ಇರಲಿ ವೈನಿ,” ಎಂದೆ. “ಹಾಡಗೊಡ್ರಿ.”